ಬಯಲುಸೀಮೆಯಿಂದ ಹವಳದ ದಿಬ್ಬಕ್ಕೆ: ಸ್ನಾರ್ಕಲಿಂಗ್, ಡೈವಿಂಗ್‌ಗೆ ಹೊರಡುವ ಮುಂಚೆ

ನಮ್ಮ ಬಾಗಲಕೋಟೆ ಕಡೆ ಬಹಳ ಜನ ಈಸು ಕಲಿತದ್ದು ತೋಟದ ಬಾವಿಯಲ್ಲಿ. ಬೆನ್ನಿಗೆ ಖಾಲಿ ಎಣ್ಣೆ ಡಬ್ಬಿ ಕಟ್ಟಿ ಅಪ್ಪನೋ ಕಾಕಾನೋ ಮೆಟ್ಟಿಲ ಮೇಲಿಂದ ತಳ್ಳಿಬಿಡುತ್ತಿದ್ದರು. ಕೈಕಾಲು ಬಡಿದು ಬಡಿದು ಒಂದು ದಿನ ಡಬ್ಬಿ ಬೇಡ ಅನ್ನಿಸುತ್ತಿತ್ತು. ನಾನೂ ಹಾಗೇ ಕಲಿತವನು. ಅದೇ ಧೈರ್ಯದ ಮೇಲೆ ಮಹಾರಾಷ್ಟ್ರದ ಕರಾವಳಿಯ ಮಾಲ್ವಣ್‌ನಲ್ಲಿ ಮೊದಲ ಸಲ ಮಾಸ್ಕ್ ಹಾಕಿಕೊಂಡು ಸಮುದ್ರಕ್ಕೆ ಇಳಿದೆ. ಹತ್ತು ನಿಮಿಷಕ್ಕೇ ದಮ್ಮು ಹತ್ತಿತು. ಕೆಳಗೆ ನೋಡಿದರೆ ನನ್ನ ಕಾಲಿಗೆ ತೊಟ್ಟ ರೆಕ್ಕೆಯಂಥ ಫಿನ್ ಎಬ್ಬಿಸಿದ ಉಸುಕು ಹೊಗೆಯಂತೆ ಎದ್ದು, ನಿಧಾನವಾಗಿ ಒಂದು ಹವಳದ ಮೇಲೆ ಕೂರುತ್ತಿತ್ತು. ಆ ಉಸುಕನ್ನು ಕೊಡವಿಕೊಳ್ಳಲು ಹವಳಕ್ಕೆ ಕೈಯಿಲ್ಲ.

ಬಾವಿಯ ಈಸು ಜೀವ ಉಳಿಸುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಹವಳದ ದಿಬ್ಬದ ಮೇಲೆ ಬೇಕಾಗುವುದು ಬಡಿಯುವ ಕಾಲಲ್ಲ, ಸುಮ್ನೆ ತೇಲುವ ಮೈ. ಅದನ್ನು ಊರಲ್ಲೇ ಕಲಿಯಬಹುದು. ಸ್ನಾರ್ಕಲಿಂಗ್ ಅಂದರೆ ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ಕೊಳವೆ (ಸ್ನಾರ್ಕಲ್) ಹಾಕಿಕೊಂಡು ನೀರ ಮೇಲೆಯೇ ತೇಲಿ ಕೆಳಗೆ ನೋಡುವುದು. ಡೈವಿಂಗ್ ಅಂದರೆ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಆಳಕ್ಕೆ ಇಳಿಯುವುದು. ಬೆಳಗಾವಿ, ಬಾಗಲಕೋಟೆ, ವಿಜಯಪುರದಿಂದ ಹೊರಡುವವರಿಗಾಗಿ ಇದನ್ನೆಲ್ಲ ಒಂದು ಕಡೆ ಬರೆದಿದ್ದೇನೆ.

ಮೊದಲು, ಎಲ್ಲಿಗೆ ಹೋಗಬೇಕು

ಬೆಳಗಾವಿಯವರಿಗೆ ಹತ್ತಿರ ಮಾಲ್ವಣ್. ಅಂಬೋಲಿ ಘಾಟ್ ಇಳಿದು, ಸಾವಂತವಾಡಿ ದಾಟಿದರೆ ಕಾರಿನಲ್ಲಿ ಅರ್ಧ ದಿನದ ದಾರಿ. ಸಿಂಧುದುರ್ಗ ಕೋಟೆಯ ಸುತ್ತಲ ಸಮುದ್ರ 1987ರಿಂದ ಸಂರಕ್ಷಿತ ಕಡಲಧಾಮ. ಸುಮಾರು 29 ಚದರ ಕಿಲೋಮೀಟರ್ ವ್ಯಾಪ್ತಿ. ನೀರು ಅಂಡಮಾನ್‌ನಷ್ಟು ತಿಳಿಯಾಗಿ ಇರುವುದಿಲ್ಲ. ಆದರೆ ಆಳ ಕಡಿಮೆ, ಖರ್ಚು ಕಡಿಮೆ. ಮೊದಲ ಸಲಕ್ಕೆ ನನ್ನ ಆಯ್ಕೆ ಇದೇ.

ನಮ್ಮ ರಾಜ್ಯದ್ದೇ ಬೇಕು ಅಂದರೆ ಮುರ್ಡೇಶ್ವರದ ನೇತ್ರಾಣಿ ದ್ವೀಪ. ದಡದಿಂದ ಸುಮಾರು 19 ಕಿಲೋಮೀಟರ್, ದೋಣಿಯಲ್ಲಿ ಒಂದು ಗಂಟೆಗಿಂತ ಜಾಸ್ತಿ. ಬಂಡೆಗಳ ಗೋಡೆ, ಅದಕ್ಕೆ ಅಂಟಿದ ಹವಳ, ಗುಂಪುಗುಂಪಾಗಿ ಮೀನು. ದೋಣಿಯಿಂದ ಇಳಿದ ಕೂಡಲೇ ಆಳ ಶುರುವಾಗುತ್ತದೆ. ಹಾಗಾಗಿ ಈಸು ಬಾರದವರು ಮೊದಲ ಸಲ ಇಲ್ಲಿಗೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಹವಳದ ದಿಬ್ಬ ಅಂದರೆ ಏನು ಅಂತ ಕಣ್ತುಂಬ ನೋಡಬೇಕೆಂದರೆ ಅಂಡಮಾನ್‌ಗೇ ಹೋಗಬೇಕು. ಬೆಳಗಾವಿಯ ಸಾಂಬ್ರಾದಿಂದಲೋ ಹುಬ್ಬಳ್ಳಿಯಿಂದಲೋ ಬೆಂಗಳೂರಿಗೆ ಹೋಗಿ, ಅಲ್ಲಿಂದ ವಿಮಾನ ಬದಲಿಸಬೇಕು. ಪೋರ್ಟ್ ಬ್ಲೇರ್‌ಗೆ 2024ರಲ್ಲಿ ಶ್ರೀ ವಿಜಯಪುರಂ ಎಂದು ಹೆಸರಾಗಿದೆ. ವಿಜಯಪುರದವರು ಟಿಕೆಟ್ ತೆಗೆಯುವಾಗ ಎರಡೂ ಹೆಸರು ನೆನಪಿಡಿ, ಕೆಲವು ಕಡೆ ಇನ್ನೂ ಹಳೆಯದೇ ಇದೆ. ಅಲ್ಲಿಂದ ಸುಮಾರು 30 ಕಿಲೋಮೀಟರ್ ದೂರದ ವಂಡೂರಿನಲ್ಲಿ ಮಹಾತ್ಮ ಗಾಂಧಿ ಕಡಲ ರಾಷ್ಟ್ರೀಯ ಉದ್ಯಾನ ಶುರುವಾಗುತ್ತದೆ. 1983ರಲ್ಲಿ ಆದದ್ದು. 15 ದ್ವೀಪ, ಸುಮಾರು 281 ಚದರ ಕಿಲೋಮೀಟರ್. ಪ್ರವಾಸಿಗರಿಗೆ ಬಿಡುವುದು ಜಾಲಿ ಬಾಯ್ ಮತ್ತು ರೆಡ್ ಸ್ಕಿನ್ ಎಂಬ ಎರಡು ದ್ವೀಪಕ್ಕೆ. ಅದೂ ಒಟ್ಟಿಗೆ ಅಲ್ಲ. ವರ್ಷದಲ್ಲಿ ಕೆಲ ತಿಂಗಳು ಒಂದು ತೆರೆದರೆ ಇನ್ನೊಂದಕ್ಕೆ ವಿಶ್ರಾಂತಿ. ಹೊಲವನ್ನು ಒಂದು ಹಂಗಾಮು ಬೀಳು ಬಿಡುತ್ತೇವಲ್ಲ, ಹಾಗೇ.

ಜಾಲಿ ಬಾಯ್‌ಗೆ ಅರಣ್ಯ ಇಲಾಖೆಯ ಪರವಾನಗಿ ಬೇಕು. ಪ್ಲಾಸ್ಟಿಕ್ ಒಯ್ಯುವಂತಿಲ್ಲ. ನಾವು ಹೋದಾಗ ಖಡಕ್ ರೊಟ್ಟಿಯನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಶೇಂಗಾ ಚಟ್ನಿಯನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡು ಹೋಗಿದ್ದೆವು. ತಪಾಸಣೆಯಲ್ಲಿ ಎಲ್ಲರ ಬ್ಯಾಗಿನಿಂದ ಚಿಪ್ಸ್ ಪಾಕೀಟು ಹೊರಗೆ ಬಂದವು, ನಮ್ಮ ರೊಟ್ಟಿ ಮಾತ್ರ ಹಾಗೇ ದೋಣಿ ಹತ್ತಿತು.

ಮನೆಯ ಹಿರಿಯರಿಗೆ ನೀರಿಗೆ ಇಳಿಯಲು ಆಗುವುದಿಲ್ಲ ಅಂದರೆ ಗುಜರಾತಿನ ಜಾಮ್‌ನಗರ ಹತ್ತಿರದ ನರಾರಾ ನೋಡಿ. 1982ರಲ್ಲಿ ಆದ ಕಚ್ಛ್ ಕೊಲ್ಲಿಯ ಕಡಲ ಉದ್ಯಾನದ ಭಾಗ. ಸಮುದ್ರ ಇಳಿದ ಹೊತ್ತಿನಲ್ಲಿ ಮಾರ್ಗದರ್ಶಿಯ ಹಿಂದೆ ಮೊಣಕಾಲು ನೀರಲ್ಲಿ ನಡೆದುಕೊಂಡೇ ಹವಳ ನೋಡಬಹುದು.

ಕಾಲದ ಮಾತು ಚಿಕ್ಕದು. ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಡಿಸೆಂಬರ್, ಜನವರಿ ಎಲ್ಲಕ್ಕಿಂತ ಒಳ್ಳೆಯದು.

ಎರಡು ತಿಂಗಳ ಮುಂಚೆ, ಊರಲ್ಲೇ

ಈಜುಕೊಳಕ್ಕೆ ಹೋಗಿ. ಕೃಷ್ಣಾ ಹೊಳೆಯಲ್ಲಿ, ಆಲಮಟ್ಟಿ ಹಿನ್ನೀರಿನಲ್ಲಿ ಅಭ್ಯಾಸ ಮಾಡುತ್ತೇನೆ ಅನ್ನುವವರಿದ್ದಾರೆ. ದಯವಿಟ್ಟು ಬೇಡ. ಕೃಷ್ಣೆಯಲ್ಲಿ ಮೊಸಳೆಗಳಿವೆ, ತಳದ ಸೆಳೆತ ಮೇಲಿಂದ ಕಾಣುವುದಿಲ್ಲ.

ಕೊಳದಲ್ಲಿ ಮೊದಲು ಕಲಿಯಬೇಕಾದದ್ದು ಮುಂದೆ ಹೋಗುವುದಲ್ಲ. ಮಾಸ್ಕ್, ಸ್ನಾರ್ಕಲ್ ಹಾಕಿಕೊಂಡು, ಮುಖ ಕೆಳಗೆ ಮಾಡಿ, ಹತ್ತು ನಿಮಿಷ ಅಲುಗಾಡದೆ ತೇಲಿ. ಕೈಗಳು ಎದೆಯ ಹತ್ತಿರ ಮಡಚಿರಲಿ. ಮೊದಲ ದಿನ ಎರಡು ನಿಮಿಷಕ್ಕೇ ತಲೆ ಎತ್ತುತ್ತೀರಿ. ಬಾಯಿಂದ ಉಸಿರಾಡುವುದು ಮೈಗೆ ಒಗ್ಗಿಲ್ಲ, ಅಷ್ಟೇ. ಒಂದು ವಾರದಲ್ಲಿ ಒಗ್ಗುತ್ತದೆ. ಉಸಿರು ಉದ್ದವಾದಷ್ಟೂ ಮೈ ಹಗುರ. ಉಸಿರು ಒಳಗೆ ಎಳೆದಾಗ ಮೈ ಒಂದಿಷ್ಟು ಮೇಲೇಳುತ್ತದೆ, ಬಿಟ್ಟಾಗ ಇಳಿಯುತ್ತದೆ. ಇದನ್ನು ಹೊಟ್ಟೆಯಲ್ಲಿ ಅನುಭವಿಸಿ ನೋಡಿ. ಮುಂದೆ ಡೈವಿಂಗ್ ಮಾಡುವಾಗ ಹವಳಕ್ಕೆ ತಾಗದೆ ಮೇಲೆ ಕೆಳಗೆ ಆಗುವುದು ಇದೇ ಉಸಿರಿನಿಂದ.

ಆಮೇಲೆ ಸ್ನಾರ್ಕಲ್‌ಗೆ ನೀರು ತುಂಬಿದಾಗ ಜೋರಾಗಿ ಒಂದೇ ಸಲ ಊದಿ ಹೊರಗೆ ಹಾಕುವುದು. ನಂತರ ಮಾಸ್ಕ್‌ಗೆ ಬೇಕೆಂದೇ ಒಂದಿಷ್ಟು ನೀರು ಬಿಟ್ಟುಕೊಂಡು, ಮೇಲಿನ ಅಂಚು ಹಣೆಗೆ ಒತ್ತಿ ಹಿಡಿದು, ಮೂಗಿನಿಂದ ಗಾಳಿ ಬಿಟ್ಟು ಖಾಲಿ ಮಾಡುವುದು. ಎರಡೂ ತಲಾ ಇಪ್ಪತ್ತು ಸಲ. ಸಮುದ್ರದಲ್ಲಿ ಗಾಬರಿ ಬೀಳುವುದು ಹೆಚ್ಚಾಗಿ ಈ ಎರಡು ಜಾಗದಲ್ಲೇ.

ಡೈವಿಂಗ್ ಕೋರ್ಸ್ ಮಾಡುವವರಿಗೆ ನಿಲ್ಲದೆ 200 ಮೀಟರ್ ಈಜು ಮತ್ತು ಹತ್ತು ನಿಮಿಷ ತೇಲುವುದು ಬರಬೇಕು. ವೇಗ ಮುಖ್ಯವಲ್ಲ.

ಸಾಮಾನು

ಒಂದೇ ಒಂದು ವಸ್ತು ಸ್ವಂತಕ್ಕೆ ಕೊಳ್ಳುವುದಾದರೆ ಮಾಸ್ಕ್ ಕೊಳ್ಳಿ. ಪಟ್ಟಿ ಹಾಕದೆ ಮುಖಕ್ಕೆ ಹಿಡಿದು, ಮೂಗಿನಿಂದ ಮೆಲ್ಲಗೆ ಗಾಳಿ ಎಳೆದು ಕೈ ಬಿಡಿ. ಬೀಳದೆ ನಿಂತರೆ ಅದು ನಿಮ್ಮ ಮುಖದ ಮಾಸ್ಕ್. ನಮ್ಮ ಕಡೆ ದಪ್ಪ ಮೀಸೆಯವರು ಜಾಸ್ತಿ. ಮೂಗಿನ ಕೆಳಗಿನ ಕೂದಲ ಸಂದಿಯಿಂದ ನೀರು ಒಸರುತ್ತದೆ. ಮೀಸೆ ತೆಗೆಯಬೇಕಿಲ್ಲ, ಮೂಗಿಗೆ ತಾಗುವ ಒಂದು ಗೆರೆಯಷ್ಟು ಕತ್ತರಿಸಿದರೆ ಸಾಕು. ಚಷ್ಮಾ ಇರುವವರಿಗೆ ನಂಬರ್ ಹಾಕಿದ ಮಾಸ್ಕ್ ಸಿಗುತ್ತದೆ. ಈಜುಕೊಳದ ಗಾಗಲ್ ಹಾಕಿ ಆಳಕ್ಕೆ ಹೋಗಬೇಡಿ. ಮೂಗು ಅದರ ಹೊರಗೆ ಇರುತ್ತದೆ, ಒಳಗಿನ ಒತ್ತಡ ಸರಿ ಮಾಡಲು ದಾರಿಯೇ ಇರುವುದಿಲ್ಲ. ಕಣ್ಣಿನ ಸಣ್ಣ ರಕ್ತನಾಳ ಒಡೆಯುತ್ತವೆ.

ಹೊಸ ಮಾಸ್ಕ್‌ನ ಗಾಜಿನ ಮೇಲೆ ಕಾರ್ಖಾನೆಯ ಪೊರೆ ಇರುತ್ತದೆ. ಬಿಳಿ ಟೂತ್‌ಪೇಸ್ಟ್ ಹಚ್ಚಿ ಬೆರಳಿನಿಂದ ಎರಡು ಮೂರು ಸಲ ತಿಕ್ಕಿ ತೊಳೆಯಿರಿ. ಇಲ್ಲದಿದ್ದರೆ ಮಂಜು ಕಟ್ಟುತ್ತದೆ. ನೀರಿಗೆ ಇಳಿಯುವ ಮುಂಚೆ ಉಗುಳು ಸವರಿ ತೊಳೆದರೂ ಕೆಲಸ ಆಗುತ್ತದೆ.

ಮೈಗೆ ತುಂಬು ತೋಳಿನ ಈಜುಡುಗೆ ಹಾಕಿ. ಬಿಸಿಲು ತಾಗುವುದಿಲ್ಲ, ಸನ್‌ಸ್ಕ್ರೀನ್ ಕಡಿಮೆ ಸಾಕು. ಆಕ್ಸಿಬೆಂಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಹವಳಕ್ಕೆ ಕೆಡುಕು ಎಂದು ಹವಾಯಿಯಲ್ಲಿ 2021ರಿಂದ ಅವುಗಳ ಮಾರಾಟವನ್ನೇ ನಿಲ್ಲಿಸಿದ್ದಾರೆ. ಡಬ್ಬಿಯ ಹಿಂದೆ ಓದಿ ಕೊಳ್ಳಿ. ತಲೆಗೆ ಎಣ್ಣೆ ಹಚ್ಚಿಕೊಂಡು ಹೋಗುವುದೂ ಬೇಡ, ಆ ಒಂದು ದಿನ.

ಮೈ ಸರಿಯಿದೆಯಾ?

ಆಸ್ತಮಾ, ಹೃದಯದ ತೊಂದರೆ, ಮೂರ್ಛೆರೋಗ, ಕಿವಿಯ ಆಪರೇಷನ್ ಆದವರು ಡಾಕ್ಟರನ್ನು ಕೇಳದೆ ಸಿಲಿಂಡರ್ ಹಾಕಿಕೊಳ್ಳಬಾರದು. ಗರ್ಭಿಣಿಯರು ಡೈವಿಂಗ್ ಮಾಡಲೇಬಾರದು. ನೆಗಡಿ ಇದ್ದರೆ ಆ ದಿನ ಬಿಟ್ಟುಬಿಡಿ. ದುಡ್ಡು ಕಟ್ಟಿದ್ದೇವೆ ಅಂತ ಮಾತ್ರೆ ನುಂಗಿ ಇಳಿದರೆ ಕೆಳಗೆ ಹೋದ ಮೇಲೆ ಮಾತ್ರೆಯ ಜೋರು ಇಳಿಯುತ್ತದೆ, ಕಿವಿ ಮುಚ್ಚಿಕೊಳ್ಳುತ್ತದೆ.

ದೋಣಿಯಲ್ಲಿ ವಾಂತಿ ಆಗುವವರು ವಾಂತಿಯ ಮಾತ್ರೆಯನ್ನು ಹತ್ತುವ ಒಂದು ಗಂಟೆ ಮುಂಚೆ ತೆಗೆದುಕೊಳ್ಳಿ. ಅದು ನಿದ್ದೆ ತರಿಸುತ್ತದೆ. ಡೈವಿಂಗ್ ಇದ್ದರೆ ಯಾವ ಮಾತ್ರೆ ಅಂತ ಡಾಕ್ಟರನ್ನೇ ಕೇಳಿ. ಬೆಳಗ್ಗೆ ಮಿರ್ಚಿ ಭಜಿ ಬೇಡ, ಖಾಲಿ ಹೊಟ್ಟೆಯೂ ಬೇಡ. ಎರಡು ಇಡ್ಲಿ ಸಾಕು.

ದೋಣಿಯವರನ್ನು ಕೇಳಬೇಕಾದ್ದು

ದರ ಕೇಳುವ ಮುಂಚೆ ಇದನ್ನು ಕೇಳಿ. ಲಂಗರು ಎಲ್ಲಿ ಹಾಕುತ್ತೀರಿ? ಸಮುದ್ರದಲ್ಲಿ ಕಟ್ಟಿಟ್ಟ ತೇಲುವ ಬುರುಡೆಗೆ (ಬೋಯ್) ಕಟ್ಟುತ್ತೇವೆ, ಇಲ್ಲವೇ ಉಸುಕಿನ ಮೇಲೆ ಬಿಡುತ್ತೇವೆ ಅಂದರೆ ಸರಿ, ಹವಳದ ಮೇಲೆ ಬೀಳಬಾರದು. ಒಬ್ಬ ಕೋಚ್ ಎಷ್ಟು ಜನರನ್ನು ನೋಡಿಕೊಳ್ಳುತ್ತಾನೆ? ದೋಣಿಯಲ್ಲಿ ಆಕ್ಸಿಜನ್ ಇದೆಯಾ? ಮೀನಿಗೆ ತಿನ್ನಲು ಹಾಕುತ್ತೀರಾ?

ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಒಂದು ಸಲ ನಮ್ಮ ದೋಣಿಯವನು ಫೋಟೋ ಚೆನ್ನಾಗಿ ಬರಲಿ ಅಂತ ಬ್ರೆಡ್ ಚೂರು ಎಸೆದ. ಕಣ್ಣು ಮಿಟುಕಿಸುವುದರೊಳಗೆ ನೂರಾರು ಮೀನು ಮುತ್ತಿದವು, ಮಕ್ಕಳು ಕೇಕೆ ಹಾಕಿದರು. ಆದರೆ ಹವಳದ ಮೇಲೆ ಬೆಳೆಯುವ ಪಾಚಿಯನ್ನು ಮೇಯ್ದು ಅದನ್ನು ಸ್ವಚ್ಛ ಇಡುವುದು ಮೀನುಗಳೇ. ಅವು ಬ್ರೆಡ್ಡಿಗೆ ಹತ್ತಿದರೆ ಆ ಕೆಲಸ ನಿಲ್ಲುತ್ತದೆ. ಹೊಲದಲ್ಲಿ ಕಳೆ ತೆಗೆಯುವವರು ಬರದೆ ಹೋದ ಹಾಗೆ. ಆ ದಿನ ನಾನು ಏನೂ ಅನ್ನಲಿಲ್ಲ, ಅದು ಇವತ್ತಿಗೂ ಮನಸ್ಸಿನಲ್ಲಿದೆ. ಈಗ ಮೊದಲೇ ಕೇಳುತ್ತೇನೆ.

ನೀರಿಗೆ ಇಳಿದ ಮೇಲೆ

ದೋಣಿಯಿಂದ ಹಾರಬೇಡಿ. ಮೆಟ್ಟಿಲು ಹಿಡಿದು ಇಳಿದು, ಒಂದು ನಿಮಿಷ ಹಗ್ಗ ಹಿಡಿದುಕೊಂಡೇ ಉಸಿರು ನೆಲೆಗೊಳಿಸಿ. ಈಸು ಎಷ್ಟೇ ಬರಲಿ, ಲೈಫ್ ಜಾಕೆಟ್ ಇರಲಿ. ಹೋಗುವಾಗ ಸೆಳೆತಕ್ಕೆ ಎದುರಾಗಿ ಹೋಗಿ, ದಣಿದ ಮೇಲೆ ಸೆಳೆತವೇ ದೋಣಿಗೆ ತಂದು ಬಿಡುತ್ತದೆ. ಒಬ್ಬರೇ ಹೋಗಬೇಡಿ.

ಕಾಲನ್ನು ಸೊಂಟದಿಂದ ಆಡಿಸಿ, ನಿಧಾನವಾಗಿ. ಮೊಣಕಾಲು ಮಡಚಿ ಸೈಕಲ್ ತುಳಿದ ಹಾಗೆ ಮಾಡಿದರೆ ಫಿನ್ ಕೆಳಗೆ ಬಡಿಯುತ್ತದೆ. ನಿಮ್ಮ ಹೊಟ್ಟೆಗೂ ಹವಳಕ್ಕೂ ನಡುವೆ ಎರಡು ಮಾರು ನೀರಿರಲಿ. ಅಷ್ಟು ಆಳವಿಲ್ಲದ ಕಡೆ ಹೋಗಲೇಬೇಡಿ, ಸುತ್ತು ಹಾಕಿ. ದಣಿವಾದರೆ ಅಂಗಾತ ಮಲಗಿ ಆಕಾಶ ನೋಡಿ, ಇಲ್ಲವೇ ಕೈ ಎತ್ತಿ ಕರೆಯಿರಿ. ಹವಳದ ಮೇಲೆ ಮಾತ್ರ ನಿಲ್ಲಬೇಡಿ.

ಯಾಕೆ ಅಂತ ಹೇಳುತ್ತೇನೆ. ಹವಳ ಕಲ್ಲಿನ ಹಾಗೆ ಕಾಣುತ್ತದೆ, ಕಲ್ಲಲ್ಲ. ಅದರ ಮೇಲೆ ಎಳ್ಳಿನಷ್ಟು, ಜೋಳದ ಕಾಳಿನಷ್ಟು ಸಣ್ಣ ಸಣ್ಣ ಜೀವಿಗಳು ಒತ್ತೊತ್ತಾಗಿ ಕೂತಿರುತ್ತವೆ. ಒಂದೊಂದಕ್ಕೂ ಒಂದು ಬಾಯಿ, ಬಾಯಿಯ ಸುತ್ತ ಮೀಸೆಯಂಥ ಬೆರಳು. ಅವು ತಮ್ಮ ಕೆಳಗೆ ಸುಣ್ಣದ ಮನೆ ಕಟ್ಟುತ್ತಾ ಹೋಗುತ್ತವೆ. ಗುಂಡು ಬಂಡೆಯಂಥ ಹವಳ ವರ್ಷಕ್ಕೆ ಬೆಳೆಯುವುದು ಹೆಚ್ಚು ಕಡಿಮೆ ಒಂದು ಸೆಂಟಿಮೀಟರ್. ನಿಮ್ಮ ಎದೆಯೆತ್ತರದ್ದು ಕಂಡರೆ ಅದು ನಿಮ್ಮ ಮುತ್ತಜ್ಜಿಗಿಂತ ಹಿರಿಯದು ಅಂದುಕೊಳ್ಳಿ. ಒಂದು ಕಾಲಿನ ಭಾರಕ್ಕೆ ಅದರ ಮೈ ಹರಿದುಹೋಗುತ್ತದೆ.

ಈ ಜೀವಿಯ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತದೆ. ಬಿಸಿಲಿನಿಂದ ಅಡುಗೆ ಮಾಡಿ ಹವಳಕ್ಕೆ ಉಣಿಸುವುದು ಅದೇ, ಬಣ್ಣ ಕೊಡುವುದೂ ಹೆಚ್ಚಾಗಿ ಅದೇ. ಬೇಸಿಗೆಯ ಅತಿ ಹೆಚ್ಚಿನ ಬಿಸಿಗಿಂತ ನೀರು ಒಂದು ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. 1998ರಲ್ಲಿ, 2010ರಲ್ಲಿ, 2016ರಲ್ಲಿ ಅಂಡಮಾನ್‌ನಲ್ಲಿ ಹೀಗಾಯಿತು. ಬಿಳಿ ಹವಳ ಕಂಡರೆ ಚೆಂದ ಅಂತ ಹತ್ತಿರ ಹೋಗಬೇಡಿ. ಅದು ಸತ್ತಿಲ್ಲ, ಹಸಿದಿದೆ. ನೀರು ತಣಿದರೆ ಉಳಿಯಬಹುದು.

ತೇಲುತ್ತಾ ಸುಮ್ಮನಿದ್ದರೆ ಒಂದು ಸದ್ದು ಕೇಳುತ್ತದೆ, ಕಟುಂ ಕಟುಂ ಅಂತ. ಹಸಿರು, ನೀಲಿ, ಗುಲಾಬಿ ಮೈಯ ಗಿಳಿಮೀನು ಹವಳದ ಬಂಡೆ ಕಚ್ಚುತ್ತಿರುತ್ತದೆ. ಪಾಚಿಗಾಗಿ ಕಚ್ಚಿ, ಸುಣ್ಣವನ್ನು ಹೊಟ್ಟೆಯಲ್ಲಿ ಅರೆದು, ಸ್ವಲ್ಪ ದೂರ ಹೋಗಿ ಬಾಲದ ಕಡೆಯಿಂದ ಬಿಳಿ ಪುಡಿ ಬಿಡುತ್ತದೆ. ನೀವು ಆಮೇಲೆ ದಡದಲ್ಲಿ ಬರಿಗಾಲಲ್ಲಿ ನಡೆಯುವ ಬಿಳಿ ಉಸುಕಿನಲ್ಲಿ ಅದರ ಪಾಲೂ ಇದೆ. ನಾನು ಒಂದರ ಹಿಂದೆ ಕಾಲು ಗಂಟೆ ತೇಲಿದ್ದೇನೆ, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ. ಬೆನ್ನಟ್ಟಿದ್ದರೆ ಎರಡು ಸೆಕೆಂಡಿನಲ್ಲಿ ಮಾಯವಾಗುತ್ತಿತ್ತು.

ಮುಟ್ಟಿದರೆ ನಿಮಗೂ ನೋವಿದೆ. ಬೆಂಕಿಹವಳ ಸುಡುತ್ತದೆ, ಕಡಲ ಮುಳ್ಳುಗೋಳದ ಮುಳ್ಳು ಚರ್ಮದೊಳಗೆ ಮುರಿಯುತ್ತದೆ, ಕಲ್ಲುಮೀನು ಕಲ್ಲಿನಂತೆಯೇ ಕೂತಿರುತ್ತದೆ. ಮುಳ್ಳು, ಕಲ್ಲುಮೀನಿನ ವಿಷಕ್ಕೆ ತಾಳುವಷ್ಟು ಬಿಸಿ ನೀರಲ್ಲಿ ಕೈಕಾಲು ಅದ್ದಿಟ್ಟು ಆಸ್ಪತ್ರೆಗೆ ಹೊರಡಬೇಕು. ಹವಳ ಗೀರಿದ ಗಾಯವನ್ನು ಸಾಬೂನು ಹಚ್ಚಿ ಚೆನ್ನಾಗಿ ತೊಳೆಯಿರಿ, ಅದು ಬೇಗ ಮಾಯುವುದಿಲ್ಲ. ಇನ್ನೊಂದು ಮಾತು, ಅಂಡಮಾನ್‌ನ ಕೆಲವು ದಡಗಳಲ್ಲಿ ಉಪ್ಪುನೀರಿನ ಮೊಸಳೆಯ ಎಚ್ಚರಿಕೆ ಹಲಗೆ ಇರುತ್ತದೆ. ವಂಡೂರಿನಲ್ಲೂ ಇದೆ. ಹಲಗೆ ಓದಿಯೇ ಇಳಿಯಿರಿ.

ಅಣ್ಣನ ಮಗಳಿಗೆ ಆಗ ಹನ್ನೊಂದು ವರ್ಷ. ದಡಕ್ಕೆ ಬಂದಾಗ ಮುಷ್ಟಿ ಬಿಗಿಹಿಡಿದಿದ್ದಳು. ಬಿಡಿಸಿದರೆ ಬೆರಳುದ್ದದ ಹವಳದ ಕೊನೆ.

"ಕಾಕಾ, ಇದು ಸತ್ತೈತಿ ಅಲಾ? ಸತ್ತದ್ದು ಒಯ್ದ್ರ ಏನಾಕ್ಕೈತಿ?"

"ಬ್ಯಾಡವ್ವ. ಇಂಥಾದರ ಮ್ಯಾಲೇ ಹೊಸಾ ಹವಳ ಬಂದು ಕುಂಡ್ರತೈತಿ. ಎಲ್ಲಿತ್ತೋ ಅಲ್ಲೇ ಇಟ್ಟು ಬಾ."

ಅವಳಿಗೆ ಹೇಳದ ಇನ್ನೊಂದು ಕಾರಣವೂ ಇತ್ತು. 1972ರ ವನ್ಯಜೀವಿ ಕಾಯ್ದೆಯಲ್ಲಿ ಗಟ್ಟಿ ಹವಳಕ್ಕೆ ಹುಲಿಗೆ ಇರುವಂತೆಯೇ ಮೊದಲ ಪಟ್ಟಿಯ ರಕ್ಷಣೆ ಇದೆ. ಸತ್ತ ಚೂರಾದರೂ ಅಪರಾಧವೇ. ವಿಮಾನ ನಿಲ್ದಾಣದಲ್ಲಿ ಬ್ಯಾಗ್ ಪರೀಕ್ಷೆಯಲ್ಲಿ ಸಿಕ್ಕರೆ ತೊಂದರೆ ದೊಡ್ಡವರಿಗೆ. ಹೊರಡುವ ಮುಂಚೆ ಮಕ್ಕಳ ಜೇಬು ನೋಡಿ.

ಸಿಲಿಂಡರ್ ಹಾಕಿಕೊಂಡು ಕೆಳಗೆ

ಕೋರ್ಸ್ ಮಾಡದವರಿಗೆ ಕೋಚ್ ಹಿಂದಿನಿಂದ ಹಿಡಿದುಕೊಂಡು ಒಂದು ಸುತ್ತು ಹಾಕಿಸುತ್ತಾರೆ. ಅದರ ಮಿತಿ 12 ಮೀಟರ್. ಮೂರು ನಾಲ್ಕು ದಿನದ ಮೊದಲ ಕೋರ್ಸ್ ಮಾಡಿದರೆ 18 ಮೀಟರ್. ವಯಸ್ಸು ಕನಿಷ್ಠ 10.

ಹತ್ತು ಮೀಟರ್ ಇಳಿದರೆ ಮೈಮೇಲಿನ ಒತ್ತಡ ದುಪ್ಪಟ್ಟು. ಅದು ಮೊದಲು ಕಿವಿಗೆ ಗೊತ್ತಾಗುತ್ತದೆ. ಮೂಗು ಒತ್ತಿ ಹಿಡಿದು ಮೆಲ್ಲಗೆ ಊದಿ, ಕಿವಿಯಲ್ಲಿ ಟಕ್ ಅನ್ನಬೇಕು. ನೋವು ಶುರುವಾಗುವ ಮುಂಚೆಯೇ, ಪ್ರತಿ ಮೀಟರ್‌ಗೂ. ನೋವಾದರೆ ಒಂದು ಮೀಟರ್ ಮೇಲೆ ಬಂದು ಮತ್ತೆ ಪ್ರಯತ್ನಿಸಿ. ಜೋರು ಮಾಡಬೇಡಿ, ಕಿವಿಯ ಪರದೆ ಹರಿಯುತ್ತದೆ.

ಎಲ್ಲಕ್ಕಿಂತ ದೊಡ್ಡ ನಿಯಮ, ಉಸಿರು ಹಿಡಿಯಬಾರದು. ಬಾವಿಯಲ್ಲಿ ಮುಳುಗು ಹಾಕಿ ಬೆಳೆದವರಿಗೆ ಇದೇ ಕಷ್ಟ. ನೀರೊಳಗೆ ಹೋದ ಕೂಡಲೇ ಉಸಿರು ಕಟ್ಟುವುದು ನಮಗೆ ರೂಢಿ. ಬನಶಂಕರಿ ಜಾತ್ರೆಯ ಪುಗ್ಗವನ್ನು ಹತ್ತು ಮೀಟರ್ ಕೆಳಗೆ ಒಂದು ಲೀಟರ್ ಗಾಳಿ ಊದಿ ಕಟ್ಟಿ ಬಿಟ್ಟರೆ ಮೇಲೆ ಬರುವಷ್ಟರಲ್ಲಿ ಎರಡು ಲೀಟರ್ ಆಗಿರುತ್ತದೆ. ಉಸಿರು ಕಟ್ಟಿ ಮೇಲೆ ಬಂದರೆ ಪುಪ್ಪುಸಕ್ಕೂ ಅದೇ ಗತಿ. ಎಳೆಯುತ್ತಾ ಬಿಡುತ್ತಾ ಇರಿ, ನಿಧಾನವಾಗಿ ಏರಿ.

ಕೈಸನ್ನೆ ಎರಡು ಕಲಿಯಿರಿ. ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಮಾಡಿದರೆ ಎಲ್ಲ ಸರಿ. ಹೆಬ್ಬೆರಳು ಎತ್ತಿ ತೋರಿಸಿದರೆ ಮೇಲೆ ಹೋಗೋಣ ಎಂದರ್ಥ. ಖುಷಿಯಾಗಿ ಹೆಬ್ಬೆರಳು ಎತ್ತಿ, ಯಾಕೆ ಮೇಲೆ ಕರೆದುಕೊಂಡು ಬಂದಿರಿ ಅಂತ ಕೇಳಿದವರನ್ನು ನೋಡಿದ್ದೇನೆ.

ಕೆಳಗೆ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ. ಇಳಕಲ್ ಸೀರೆಯ ಕೆಂಪು ಸೆರಗನ್ನು ಹತ್ತು ಮೀಟರ್ ಆಳದಲ್ಲಿ ಬಿಡಿಸಿದರೆ ಮಾಸಲು ಕಂದು ಕಂಡೀತು. ಟಾರ್ಚ್ ಹಾಕಿದರೆ ಮಾತ್ರ ಹವಳದ ಬಣ್ಣ ಮರಳಿ ಬರುತ್ತದೆ. ಫೋಟೋ ನೀಲಿಯಾಗಿ ಬಂತೆಂದು ಬೇಸರ ಬೇಡ.

ಮರಳುವಾಗ, ಘಾಟ್ ಹತ್ತುವ ಮುಂಚೆ

ಇದು ವಿಶೇಷವಾಗಿ ನಮ್ಮ ಕಡೆಯವರಿಗೆ. ಸಿಲಿಂಡರ್ ಹಾಕಿಕೊಂಡು ಇಳಿದಾಗ ಗಾಳಿಯಲ್ಲಿನ ಸಾರಜನಕ ರಕ್ತದಲ್ಲಿ, ಮಾಂಸದಲ್ಲಿ ಕರಗಿ ಕೂತಿರುತ್ತದೆ. ನಿಧಾನವಾಗಿ ಹೊರಗೆ ಹೋಗಬೇಕು. ಅದಕ್ಕೆ ಮುಂಚೆ ಗಾಳಿಯ ಒತ್ತಡ ಕಡಿಮೆ ಇರುವ ಎತ್ತರಕ್ಕೆ ಹೋದರೆ ಸೋಡಾ ಬಾಟಲಿ ಮುಚ್ಚಳ ತೆಗೆದ ಹಾಗೆ ಮೈಯೊಳಗೆ ಗುಳ್ಳೆ ಏಳಬಹುದು. ಅದಕ್ಕೇ ಒಂದೇ ಡೈವ್ ಆಗಿದ್ದರೆ ವಿಮಾನ ಹತ್ತಲು ಕನಿಷ್ಠ 12 ಗಂಟೆ, ಹಲವು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ಕಾಯಬೇಕು. ನಾನು 24 ಇಟ್ಟುಕೊಳ್ಳುತ್ತೇನೆ.

ವಿಮಾನದ ಮಾತು ಎಲ್ಲರಿಗೂ ಗೊತ್ತು. ಘಾಟ್ ಕೂಡ ಎತ್ತರವೇ ಅನ್ನುವುದು ಬಹಳ ಜನರಿಗೆ ಹೊಳೆಯುವುದಿಲ್ಲ. ವಿಮಾನದ ಈ ಕಾಯುವ ಲೆಕ್ಕ ಸುಮಾರು 600 ಮೀಟರ್ ಎತ್ತರದಿಂದಲೇ ಅನ್ವಯವಾಗುತ್ತದೆ. 300 ಮೀಟರ್ ದಾಟಿದರೇ ಎಚ್ಚರ ಬೇಕು ಅನ್ನುವ ಲೆಕ್ಕವೂ ಇದೆ. ಬೆಳಗಾವಿ ಇರುವುದು ಸುಮಾರು 750 ಮೀಟರ್ ಎತ್ತರದಲ್ಲಿ. ವಿಜಯಪುರ 600ರ ಆಸುಪಾಸು. ಬಾಗಲಕೋಟೆ ಕೆಳಗಿದ್ದರೂ ದಾರಿ ಘಾಟ್ ಹತ್ತಿಯೇ ಬರಬೇಕು, ಅಲ್ವಾ? ಮಧ್ಯಾಹ್ನ ಮಾಲ್ವಣ್‌ನಲ್ಲಿ ಡೈವ್ ಮಾಡಿ, ಸಂಜೆ ಅಂಬೋಲಿ ಹತ್ತಿ, ರಾತ್ರಿ ಊಟಕ್ಕೆ ಮನೆ ಸೇರುವ ಯೋಜನೆ ತಪ್ಪು. ನೇತ್ರಾಣಿ ಮುಗಿಸಿ ಅದೇ ಸಂಜೆ ಅರಬೈಲು ಘಾಟ್ ಹತ್ತುವುದೂ ತಪ್ಪು. ರಾತ್ರಿ ಸಮುದ್ರದ ಮಟ್ಟದಲ್ಲೇ ಕಳೆದು, ಮರುದಿನ ಬೇಕಾದ ಗಂಟೆ ಎಣಿಸಿ ಹೊರಡಿ. ಬರೀ ಸ್ನಾರ್ಕಲ್ ಮಾಡಿದವರಿಗೆ ಈ ಕಾಯುವಿಕೆ ಬೇಕಿಲ್ಲ.

ಡೈವ್ ಆದ ಮೇಲೆ ಕೀಲು ನೋವು, ಚರ್ಮದ ತುರಿಕೆ, ಕೈಕಾಲು ಜೋಮು, ಕಾರಣವಿಲ್ಲದ ಸುಸ್ತು ಕಂಡರೆ ಪ್ರಯಾಣದ ದಣಿವು ಅಂತ ಮಲಗಬೇಡಿ. ಆಸ್ಪತ್ರೆಗೆ ಹೋಗಿ, ಮೊದಲ ಮಾತಾಗಿ "ಡೈವಿಂಗ್ ಮಾಡಿ ಬಂದಿದ್ದೇನೆ" ಎಂದು ಹೇಳಿ, ಆಕ್ಸಿಜನ್ ಕೇಳಿ. ನಮ್ಮ ಊರುಗಳಲ್ಲಿ ಡಾಕ್ಟರ್ ತಾವಾಗಿಯೇ ಇದನ್ನು ಊಹಿಸುವುದು ಕಷ್ಟ.

ಮನೆಗೆ ಬಂದ ಮೇಲೆ ಮಾಸ್ಕ್, ಸ್ನಾರ್ಕಲ್ ತೊಳೆಯಲು ಬೋರ್ ನೀರು ಬಳಸಬೇಡಿ. ನಮ್ಮ ಸವಳು ನೀರು ಗಾಜಿನ ಮೇಲೆ ಬಿಳಿ ಕಲೆ ಬಿಡುತ್ತದೆ. ಕುಡಿಯುವ ನೀರಿನ ಬಕೆಟ್‌ನಲ್ಲಿ ಅರ್ಧ ಗಂಟೆ ನೆನೆಸಿ, ನೆರಳಲ್ಲಿ ಒಣಗಿಸಿ ಎತ್ತಿಡಿ.